ಎಲ್ಡರ್ ಮುನಿರಾಜು ಆಗಿದ್ದ ಮಳೆಗಾಲ

ಹೋದ ತಿಂಗಳು ಕೆಲಸದ ಮೇಲೆ ನಂಜನಗೂಡಿಗೆ ಹೋಗಿದ್ದೆ. ನಾನೀಗ ಔಷಧಿ ಕಂಪನಿಯೊಂದರ ರೆಪ್. ಡಾಕ್ಟರುಗಳ ಬಾಗಿಲಲ್ಲಿ ಬ್ಯಾಗು ಹಿಡಿದು ಕಾಯುವುದೇ ಕಸುಬು. ಒಂದು ಕ್ಲಿನಿಕ್ಕಿನೆದುರು ಕಾಯುತ್ತಿದ್ದಾಗ ಜಡಿಮಳೆ ಹಿಡಿಯಿತು, ಪಕ್ಕದ ಇಸ್ತ್ರಿ ಅಂಗಡಿಯ ಸೂರಿನಡಿ ಸೇರಿಕೊಂಡೆ. ಅಂಗಡಿಯವನು ಪೂರ್ತಿ ಒಣಗದ ಬಿಳಿ ಅಂಗಿಯೊಂದರ ಮೇಲೆ ಕೆಂಡದ ಪೆಟ್ಟಿಗೆ ಆಡಿಸಿದ. ಹಬೆ ಎದ್ದಿತು. ಸೋಪು ಮತ್ತು ಮುಗ್ಗಲು ಬೆರೆತ ಆ ವಾಸನೆ ಮೂಗಿಗೆ ತಾಗಿದ್ದೇ ನನ್ನ ಕಿವಿ ಬಿಸಿಯಾಯಿತು. ಸುತ್ತ ನಿಂತಿದ್ದವರಲ್ಲಿ ನನ್ನ ಗುರುತಿನವರು ಯಾರೂ ಇರಲಿಲ್ಲ. ಆದರೂ ತಲೆ ತಗ್ಗಿಸಿಕೊಂಡೆ.

ಇದೇ ಊರಿನಲ್ಲಿ ಒಂದು ಮಳೆಗಾಲ ಪೂರ್ತಿ ನಾನು ದಿನಾ ಬೆಳಗ್ಗೆ ಹೀಗೆ ಒದ್ದೆ ಅಂಗಿಗೆ ಇಸ್ತ್ರಿ ಹಾಕಿಕೊಂಡು ಬೀದಿಗಿಳಿಯುತ್ತಿದ್ದೆ. ಆಗ ನನಗೆ ಇಪ್ಪತ್ತು ವರ್ಷ. ನಮ್ಮಮ್ಮ ಬೆಂಗಳೂರಿನ ಚಿಕ್ಕಮ್ಮನಿಂದಾಗಿ ಮಾರ್ಮನ್ ಪಂಥಕ್ಕೆ ಸೇರಿದ್ದಳು, ನಾನು ಅದರಲ್ಲೇ ಬೆಳೆದೆ. ಆ ಪಂಥದ ಹುಡುಗರು ಹರೆಯಕ್ಕೆ ಬಂದ ಮೇಲೆ ಎರಡು ವರ್ಷ ಮನೆ ಬಿಟ್ಟು, ಕಳಿಸಿದ ಊರಿಗೆ ಹೋಗಿ ಸೇವೆ ಮಾಡಿ ಬರುತ್ತಾರೆ. ಕಡ್ಡಾಯವೇನಿಲ್ಲ. ಆದರೆ ಹೋಗದವನನ್ನು ಜನ ನೋಡುವ ನೋಟ ಒಂದು ಥರ, ಹೋಗಿ ಅರ್ಧಕ್ಕೇ ಬಂದವನನ್ನು ನೋಡುವ ನೋಟ ಇನ್ನೊಂದು ಥರ.

ಎದೆಯ ಮೇಲೆ ಕಪ್ಪು ಬಿಲ್ಲೆ ಹಾಕಿಕೊಳ್ಳಬೇಕು, ಅದರಲ್ಲಿ ಹೆಸರು. ಹೆಸರಿಗೆ ಮೊದಲು ಎಲ್ಡರ್ ಅಂತ. ಎಲ್ಡರ್ ಅಂದರೆ ಹಿರಿಯ. ಮೀಸೆ ನೆಟ್ಟಗೆ ಬಾರದ ನಮಗೆಲ್ಲ ಅದೇ ಪದವಿ. ನಮ್ಮ ಹೆಸರು ಹಾಕುವಂತಿಲ್ಲ, ಮನೆತನದ ಹೆಸರೇ ಆಗಬೇಕು ಅಂದರು. ನಮಗೆಲ್ಲಿಯ ಮನೆತನದ ಹೆಸರು? ಅಪ್ಪನ ಹೆಸರು ಹಾಕಿಸಿದೆ. ಹಾಗಾಗಿ ಎದ್ದಾಗಿನಿಂದ ಮಲಗುವವರೆಗೆ ಎಲ್ಲರ ಬಾಯಲ್ಲೂ ನಾನು ಎಲ್ಡರ್ ಮುನಿರಾಜು.

ನಿಜವಾದ ಮುನಿರಾಜು ಬಂಗಾರಪೇಟೆ ಕಡೆಯ ಒಂದು ಪಂಚಾಯ್ತಿಯಲ್ಲಿ ವಾಟರ್‌ಮನ್ ಆಗಿದ್ದ. ಬೀದಿಬೀದಿಗೆ ನೀರು ಬಿಡುವ ಕೆಲಸ. ಯಾವ ದೇವರಿಗೂ ಕೈ ಮುಗಿದವನಲ್ಲ, ಅಮ್ಮನ ಪ್ರಾರ್ಥನೆಗೂ ಅಡ್ಡ ಬಂದವನಲ್ಲ. ಆದರೆ ನಾನು ಹೊರಟ ದಿನ ಒಂದು ಮಾತು ಆಡಿದ. "ನಮ್ಮಪ್ಪ ಕಂಬಳಿ ಹೊದ್ಕೊಂಡು ಮನೆಮನೆ ಬಾಗಿಲಲ್ಲಿ ನಿಂತು ಹಿಟ್ಟು ಈಸ್ಕೊಂಡು ಬರ್ತಿದ್ದ. ನಾನು ಯಾರ ಬಾಗಿಲಲ್ಲೂ ನಿಲ್ಲಲಿಲ್ಲ. ನೀನು ಟೈ ಕಟ್ಕೊಂಡು ನಿಲ್ತೀನಿ ಅಂತೀಯ. ಹೋಗು."

ನಾನೊಬ್ಬನೇ ಅಲ್ಲ. ಈ ಸೇವೆಯಲ್ಲಿ ಯಾವಾಗಲೂ ಇಬ್ಬಿಬ್ಬರು. ನನ್ನ ಜೊತೆಗಾರ ಟೋಂಗಾ ಎಂಬ ದ್ವೀಪದವನು, ಎಲ್ಡರ್ ಮೊಅಲಾ. ಆರಡಿ ಮೀರಿದ ಎತ್ತರ, ಬಾಗಿಲಿಗೆ ಅಡ್ಡಡ್ಡ ತಿರುಗಿ ಒಳಗೆ ಬರಬೇಕಾದ ಮೈಕಟ್ಟು, ನಮಗಿಂತ ಒಂದು ಸುತ್ತು ಕಪ್ಪು. ಫಾರಿನ್ನವನು ಬಂದಿದ್ದಾನೆ ಅಂತ ನೋಡಲು ಬಂದವರು "ಇದೇನು, ನಮ್ಮೋನಂಗೇ ಅವ್ನೆ" ಅಂತ ನಿರಾಶೆಯಾಗಿ ಹೋದರು. ಮಕ್ಕಳು ಮಾತ್ರ ಮೊಅಲಾ ಅನ್ನುವುದನ್ನು ಮೊಲ ಮಾಡಿಕೊಂಡು, ಆ ಆನೆಯಂಥವನನ್ನು ಮೊಲದಣ್ಣ ಅಂತ ಕರೆಯುತ್ತಿದ್ದರು.

ಬೆಳಕು ಹರಿಯುವ ಹೊತ್ತಿಗೆ ಎದ್ದು ಕಸರತ್ತು, ಪ್ರಾರ್ಥನೆ, ಓದು. ಮೊಅಲಾಗೆ ನಾನು ಒಂದು ಗಂಟೆ ಕನ್ನಡ ಹೇಳಿಕೊಡಬೇಕು. ಆಮೇಲೆ ಗಂಜಿಯನ್ನೋ ಬ್ರೆಡ್ಡನ್ನೋ ತಿಂದು ಹೊರಡುವುದು. ಸಿನಿಮಾ ಇಲ್ಲ, ಸ್ವಂತ ಫೋನಿಲ್ಲ, ಮನೆಗೆ ವಾರಕ್ಕೊಂದೇ ಕರೆ. ಒಬ್ಬರನ್ನೊಬ್ಬರು ಬಿಟ್ಟು ಕೂಗಳತೆ ದೂರವೂ ಹೋಗುವಂತಿಲ್ಲ. ಕಾಫಿ ಟೀ ಮುಟ್ಟುವಂತಿಲ್ಲ. ಸೋಮವಾರ ಬಟ್ಟೆ ಒಗೆಯುವ ದಿನ. ಆ ಮಳೆಯಲ್ಲಿ ಒಗೆದ ಬಟ್ಟೆ ಗುರುವಾರವಾದರೂ ಒಣಗುತ್ತಿರಲಿಲ್ಲ. ನಾವಾಗಿ ಯಾರ ಬಾಗಿಲೂ ತಟ್ಟುವಂತಿರಲಿಲ್ಲ, ಕರೆದವರ ಮನೆಗೆ ಮಾತ್ರ ಹೋಗಬೇಕು. ಕರೆಯುವವರು ಕಡಿಮೆ. ಹಾಗಾಗಿ ನಂಜನಗೂಡಿನಲ್ಲಿ ಸಂಜೆ ಹೊತ್ತು, ಬುಧವಾರ ಮಾತ್ರ ಟಿ. ನರಸೀಪುರದಲ್ಲಿ, ಬಂದವರಿಗೆ ಪುಕ್ಕಟೆ ಇಂಗ್ಲಿಷ್ ಮಾತು ಕಲಿಸುತ್ತಿದ್ದೆವು.

ನಮ್ಮ ಕೋಣೆ ಮಾದಪ್ಪನವರ ಮಹಡಿಯ ಮೇಲಿತ್ತು. ಮಾದಪ್ಪನವರು ದಿನಸಿ ಅಂಗಡಿಯವರು, ಹಣೆ ತುಂಬ ವಿಭೂತಿ, ಮೃದು ಮಾತು. ಬಾಡಿಗೆಗೆ ಹೋದ ವಾರವೇ ಮೆಟ್ಟಿಲ ಹತ್ತಿರ ತಡೆದು ಕೇಳಿದರು.

"ನೀವು ಯಾವ ಜನ?"

"ಕ್ರಿಶ್ಚಿಯನ್ನರು ಸಾರ್."

"ಅದು ಗೊತ್ತಪ್ಪ. ಅದಕ್ಕೂ ಮುಂಚೆ?"

ನಕ್ಕಂತೆ ಮಾಡಿ ಮೇಲೆ ಹತ್ತಿದೆ. ಅವರು ಏನು ಕೇಳಿದರು ಅಂತ ಮೊಅಲಾ ಪೀಡಿಸಿದ. ನಮ್ಮೂರು ಯಾವುದು ಅಂತ ಕೇಳಿದರು ಅಂದೆ. "ಅದಕ್ಕೆ ಯಾಕೆ ಬೆವರಿದೆ?" ಅಂದ. ಕನ್ನಡ ಬಾರದಿದ್ದರೂ ಅವನಿಗೆ ಮುಖ ಓದಲು ಬರುತ್ತಿತ್ತು.

ನರಸೀಪುರದ ಕ್ಲಾಸಿಗೆ ಬರುತ್ತಿದ್ದವರಲ್ಲಿ ಸಿದ್ದರಾಜು ಎಲ್ಲರಿಗಿಂತ ಚುರುಕು. ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದ. ಇಂಟರ್‌ವ್ಯೂಗಳಿಗೆ ಹೋಗಬೇಕು, ಇಂಗ್ಲಿಷಿನಲ್ಲಿ ತಡವರಿಸಬಾರದು ಅನ್ನುವುದಷ್ಟೇ ಅವನ ಆಸೆ. ಮೊದಲ ದಿನವೇ ಹೇಳಿಬಿಟ್ಟಿದ್ದ, "ಸಾ, ನಮ್ಮದು ಬುದ್ಧನ ಮನೆ. ಆ ಇಚಾರ ಬ್ಯಾಡ. ಇಂಗ್ಲಿಷ್ ಕಲಿಸಿ ಸಾಕು." ಆಗಲಿ ಅಂದಿದ್ದೆವು. ಕ್ಲಾಸು ಮುಗಿದ ಮೇಲೆ ನಮ್ಮನ್ನು ನದಿಗಳು ಸೇರುವಲ್ಲಿಗೆ ಕರೆದುಕೊಂಡು ಹೋಗುತ್ತಿದ್ದ. ಕಾವೇರಿಯ ಕೆಂಪೂ ಕಪಿಲೆಯ ಕೆಂಪೂ ಬೇರೆಬೇರೆಯಾಗಿ ಬಂದು ಕೂಡುತ್ತಿದ್ದವು. ಮೊಅಲಾ ಟೈ ಸಡಿಲ ಮಾಡಿಕೊಂಡು ಆ ನೀರನ್ನೇ ನೋಡುತ್ತ ನಿಲ್ಲುತ್ತಿದ್ದ. ಅವನೂರಿನ ಸಮುದ್ರ ಹೀಗೆ ಒಂದೇ ಕಡೆಗೆ ಹೋಗುವುದಿಲ್ಲವಂತೆ, ಹೋದದ್ದು ವಾಪಸ್ಸು ಬರುತ್ತದಂತೆ.

ಆಷಾಢದ ಒಂದು ಬುಧವಾರ ಸಿದ್ದರಾಜು ಮನೆಗೆ ಕರೆದ. ಸುತ್ತೂರು ದಾಟಿ ನರಸೀಪುರದ ಕಡೆಗೆ ಬಂದರೆ ಹೊಳೆ ದಂಡೆಯಲ್ಲೇ ಅವನ ಊರು. ಬಸ್ಸಿಳಿಯುವಷ್ಟರಲ್ಲಿ ಮಳೆ ಹೊಯ್ಯತೊಡಗಿತ್ತು. ಅವನ ತಾಯಿ ಮಹದೇವಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಕಬ್ಬಿನ ಗದ್ದೆಗೆ ಕೂಲಿ ಹೋಗುವ ಹೆಂಗಸು. ಅವತ್ತು ನಮಗಾಗಿ ಕೆಲಸ ಬಿಟ್ಟಿದ್ದರು.

"ಬಾ ಕಂದ, ಬಾ. ನೆಂದೋಗಿದ್ದೀಯಲ್ಲ. ತಲೆ ಒರಸ್ಕೊ" ಅಂತ ನನಗೊಂದು ಟವೆಲ್ ಕೊಟ್ಟರು. ಮೊಅಲಾನನ್ನು ಮೇಲಿಂದ ಕೆಳಗೆ ನೋಡಿ, "ಇವನ್ಗೆ ನಮ್ಮನೆ ಟವಲ್ ಸಾಲದು" ಅಂತ ನಕ್ಕರು. ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು. ನಮ್ಮೂರಿನ ನಮ್ಮ ಮನೆಯಲ್ಲೂ ಅಪ್ಪ ತೂಗುಹಾಕಿದ್ದ ಅದೇ ನೀಲಿ ಕೋಟಿನ ಪಟ. ಎಷ್ಟೋ ತಿಂಗಳ ಮೇಲೆ ಮನೆಗೆ ಬಂದಂತೆ ಅನ್ನಿಸಿತು.

ಅಷ್ಟರಲ್ಲಿ ಅವರು ಎರಡು ಹೊಸ ಲೋಟಗಳಲ್ಲಿ ಕಾಫಿ ತಂದರು. ಬೆಲ್ಲದ ಕಾಫಿ, ಮೇಲೆ ಗಟ್ಟಿ ಕೆನೆ. ನಮಗೆಂದೇ ಹಾಲು ತರಿಸಿದ್ದರು. ಮೊಅಲಾ ಲೋಟ ನೋಡಿ ನನ್ನ ಮುಖ ನೋಡಿದ.

"ಅಮ್ಮ, ನಾವು ಕಾಫಿ ಕುಡಿಯಲ್ಲ" ಅಂದೆ.

"ಟೀ ಮಾಡ್ಲಾ?"

"ಟೀನೂ ಕುಡಿಯಲ್ಲ ಅಮ್ಮ."

ಚಾಚಿದ ಕೈ ಹಾಗೇ ನಿಂತಿತು. ಆಮೇಲೆ "ಆಯ್ತು ಬುಡು" ಅಂತ ಹಿಂದಕ್ಕೆ ಹೋಯಿತು. ಸಿದ್ದರಾಜು ನೆಲ ನೋಡುತ್ತಿದ್ದ. ಅವರು ಏನು ತಿಳಿದುಕೊಂಡರು ಅನ್ನುವುದು ನನಗೆ ಆ ಕ್ಷಣವೇ ಗೊತ್ತಾಯಿತು. ನಮ್ಮಮ್ಮನ ಮುಖವೂ ಹೀಗೇ ಆಗುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಶಾಲೆಯ ಮೇಷ್ಟ್ರು ಮನೆಗೆ ಬಂದಾಗ, ಸೊಸೈಟಿಯವರು ಬಂದಾಗ.

"ಅಮ್ಮ, ಹಾಗಲ್ಲ. ನಮ್ಮ ಧರ್ಮದಲ್ಲಿ ಅದು ನಿಷೇಧ. ಯಾರ ಮನೇಲೂ ಕುಡಿಯಲ್ಲ."

"ಎಲ್ರೂ ಒಂದೊಂದು ಏಳ್ತಾರೆ ಕಣಪ್ಪ" ಅಂದರು. ಕೋಪವೇನೂ ಇರಲಿಲ್ಲ. "ಒಬ್ರು ಈಗ್ತಾನೆ ಕುಡ್ಕಬಂದೆ ಅಂತಾರೆ. ಒಬ್ರು ಒಟ್ಟೆ ಸರಿಯಿಲ್ಲ ಅಂತಾರೆ. ಒಬ್ರು ಇವತ್ತು ಉಪಾಸ ಅಂತಾರೆ. ನಿಂದು ಧರ್ಮ."

ಮಾದಪ್ಪನವರ ಮೆಟ್ಟಿಲಲ್ಲಿ ಬಾಯಿಗೆ ಬಾರದ ಮಾತು ಅಲ್ಲಿ ಬಂತು. "ನಾವೂ ನಿಮ್ಮ ಜನಾನೇ ಅಮ್ಮ. ಕೋಲಾರದ ಕಡೆಯೋರು."

ಮಹದೇವಮ್ಮ ನನ್ನ ಬಿಳಿ ಅಂಗಿಯನ್ನು, ಟೈಯನ್ನು, ಎದೆಯ ಬಿಲ್ಲೆಯನ್ನು ನೋಡಿದರು.

"ಅಂಗಾದ್ರೆ ಇನ್ನೂ ಕಷ್ಟ ಆಯ್ತಲ್ಲಪ್ಪ" ಅಂದರು. "ನೀನೇ ಬ್ಯಾಡ ಅಂದ್ರೆ ಇನ್ಯಾರು ಕುಡ್ದಾರು."

ಲೋಟಗಳನ್ನು ಒಳಗೆ ಒಯ್ದರು. ಸೌದೆ ಒಲೆಯ ಹೊಗೆ, ಮಳೆಯ ಸದ್ದು. ಹೊರಡುವಾಗ ಅವರು ಬಾಗಿಲವರೆಗೆ ಬಂದು, ನನ್ನ ಮುಖ ನೋಡಿ "ಓಗ್ಬನ್ನಿ" ಅಂದರು. ಒಳಗೆ ಬರುವಾಗ ನಾನು ಕಂದನಾಗಿದ್ದೆ.

ಬಸ್ಸಿನಲ್ಲಿ ಮೊಅಲಾಗೆ ಎಲ್ಲವನ್ನೂ ಹೇಳಬೇಕಾಯಿತು. ಜಾತಿ ಅಂದರೇನು, ಲೋಟ ಅಂದರೇನು, ಊರ ತೋಟಿಯಾಗಿದ್ದ ನಮ್ಮ ತಾತ ಹೊದೆಯುತ್ತಿದ್ದ ಕಂಬಳಿ ಎಂಥದು. ಇಂಗ್ಲಿಷಿನಲ್ಲಿ ಹೇಳುತ್ತ ಹೋದಂತೆ ಅದು ಯಾರದೋ ದೇಶದ ಯಾರದೋ ಕಥೆಯಂತೆ ಕೇಳಿಸಿತು, ಅದಕ್ಕೂ ನಾಚಿಕೆಯಾಯಿತು. ಅವನು ಕಿಟಕಿಯ ಕಂಬಿ ಹಿಡಿದು ಹೊರಗೆ ನೋಡುತ್ತ ಕೇಳಿಸಿಕೊಂಡ. "ನಮ್ಮಲ್ಲಿ ಕೊಟ್ಟದ್ದನ್ನು ಬೇಡ ಅಂದರೆ ಮನೆಯವರು ರಾತ್ರಿಯೆಲ್ಲ ನಿದ್ದೆ ಮಾಡಲ್ಲ" ಅಂದ. "ಬರುವ ವಾರ ಹೋಗೋಣ. ಅವರು ಸಾಕು ಅನ್ನುವ ತನಕ ಉಣ್ಣೋಣ."

ಹೋದೆವು. ಕರೆಯದೆ ಹೋಗಬಾರದು ಅನ್ನುವುದನ್ನು ಮುರಿಯದಿರಲು ಸಿದ್ದರಾಜುವಿನ ಕೈಲಿ ಕರೆಸಿಕೊಂಡೇ ಹೋದೆವು. ದಾರಿಯಲ್ಲಿ ನನ್ನಿಂದ ಒಂದು ವಾಕ್ಯ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ ಮೊಅಲಾ, ಹೊಸ್ತಿಲು ದಾಟುತ್ತಲೇ ಅದನ್ನು ಒಪ್ಪಿಸಿದ. "ಅಮ್ಮ, ನಂಗೆ ಅಸಿವು." ಹಸಿವು ಅಂತ ಹ ಸೇರಿಸಿಯೇ ಹೇಳಿಕೊಟ್ಟಿದ್ದೆ. ಅವನ ಬಾಯಲ್ಲಿ ಆ ಹ ತಾನಾಗಿಯೇ ಬಿದ್ದುಹೋಗಿತ್ತು. ಮಹದೇವಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಒಣಮೀನು. ಮುದ್ದೆ ನುಂಗಲು ಬಾರದೆ ಅವನು ಬ್ರೆಡ್ಡಿನಂತೆ ಅಗಿದು ಅಗಿದು ತಿಂದ. ಇನ್ನೂ ಹಾಕಿ ಅಂದ. "ಅಗೀಬ್ಯಾಡ ಮಗ, ನುಂಗು" ಅಂತ ಅವರೇ ತುತ್ತು ಮಾಡಿ ತೋರಿಸಿದರು.

ನಾನೂ ಹೊಟ್ಟೆ ಬಿರಿಯುವಷ್ಟು ಉಂಡೆ. ತಟ್ಟೆ ನೆಕ್ಕಿದ ಹಾಗೆ ಮಾಡಿದೆ. "ನಿಮಗಿನ್ನೊಸಿ ಸಾರು ಬುಡ್ಲಾ?" ಅಂದರು. ಮೊಅಲಾ ಮಗನಾಗಿದ್ದ. ನಾನು ನೀವು. ಅಡುಗೆ ಚೆನ್ನಾಗಿದೆ ಅಮ್ಮ ಅಂದೆ. "ಬಡವ್ರ ಅಡುಗೆ ಬುಡಿ" ಅಂದರು. ಆಮೇಲೆ ಎಷ್ಟು ಸಲ ಹೋದರೂ ಆ ನೀವು ಕರಗಲಿಲ್ಲ. ಮೇಷ್ಟ್ರಿಗೆ, ಆಫೀಸಿನವರಿಗೆ ಕೊಡುವ ಮರ್ಯಾದೆಯನ್ನೇ ನನಗೂ ಕೊಟ್ಟರು, ಒಂದು ಚೂರೂ ಕಡಿಮೆ ಮಾಡದೆ.

ಶ್ರಾವಣ ಬರುವ ಹೊತ್ತಿಗೆ ವಯನಾಡಿನ ಕಡೆ ಮಳೆ ಜೋರಾಯಿತು. ಕಬಿನಿ ಅಣೆಕಟ್ಟಿನಿಂದ ಕಪಿಲೆಗೆ ನೀರು ಬಿಟ್ಟರು. ನಂಜನಗೂಡಿನಲ್ಲಿ ಸ್ನಾನಘಟ್ಟ ಮುಳುಗಿ, ಹೊಳೆ ಬದಿಯ ಬೀದಿಗಳಿಗೆ ನೀರು ನುಗ್ಗಿತು. ಸಿದ್ದರಾಜು ನಮ್ಮ ಮನೆ ಮಾಲೀಕರ ಫೋನಿಗೆ ಕರೆ ಮಾಡಿದ. ಅವನೂರಿನ ತಗ್ಗಿನ ಕೇರಿ ಮುಳುಗುತ್ತಿದೆ, ತಾಯಿ ಮನೆ ಬಿಟ್ಟು ಬರುತ್ತಿಲ್ಲ, ತಾನು ನರಸೀಪುರದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಅಂದ. ಬೆಂಗಳೂರಿನ ನಮ್ಮ ಮುಖ್ಯಸ್ಥರನ್ನು ಕೇಳಿದೆವು. ಹೋಗಿ, ಬಿಲ್ಲೆ ತೆಗೆದಿಟ್ಟು ಹೋಗಿ, ಬರೀ ಕೈಕೆಲಸ ಮಾಡಿ ಅಂದರು.

ಟ್ರಾಕ್ಟರೊಂದನ್ನು ಹತ್ತಿ ತಲುಪಿದಾಗ ಕೇರಿಯಲ್ಲಿ ಸೊಂಟದುದ್ದ ನೀರು. ಮಹದೇವಮ್ಮ ಬುದ್ಧ, ಬಾಬಾಸಾಹೇಬರ ಪಟಗಳನ್ನು ಎದೆಗವಚಿಕೊಂಡು ಜಗಲಿಯ ಮೇಲೆ ನಿಂತಿದ್ದರು. ಮೊಅಲಾ ಏನೂ ಕೇಳದೆ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡ. ನಾನು ಅಕ್ಕಿ ಡಬ್ಬ ಹೊತ್ತೆ. ಇಡೀ ದಿನ ಹಾಗೇ ಹೋಯಿತು. ಮುದುಕರು, ಮೇಕೆಗಳು, ಹಾಸಿಗೆ ಸುರುಳಿಗಳು. ಎಲ್ಲರನ್ನೂ ಎತ್ತರದ ಸರ್ಕಾರಿ ಶಾಲೆಗೆ ಸೇರಿಸಿದರು.

ಸಂಜೆ ಶಾಲೆಯ ಅಂಗಳದಲ್ಲಿ ಗಂಜಿ ಬಡಿಸುತ್ತಿದ್ದಾಗ ಪಕ್ಕದೂರಿನಿಂದ ಸಹಾಯಕ್ಕೆ ಬಂದಿದ್ದ ಒಬ್ಬ ನಮ್ಮನ್ನು ಗುರುತು ಹಿಡಿದ. "ನೀವು ಟೈ ಕಟ್ಕೊಂಡು ಓಡಾಡೋರಲ್ವಾ? ಅಕ್ಕಿ ಜತೆ ಬುಕ್ಕೂ ತಂದಿದ್ದೀರಾ?" ಸುತ್ತ ಇದ್ದವರೆಲ್ಲ ತಿರುಗಿದರು. ತಂದಿರಲಿಲ್ಲ. ಆದರೂ ಕಳ್ಳನ ಹಾಗೆ ನನ್ನ ಜೇಬು ನಾನೇ ಮುಟ್ಟಿ ನೋಡಿಕೊಂಡೆ.

ಮಹದೇವಮ್ಮ ಸಾಲಿನಿಂದಲೇ ಹೇಳಿದರು. "ಲೇ, ಅವನು ನನ್ನ ಎಗಲ್ಮೇಲೆ ಒತ್ಕಬಂದವ್ನೆ ಕಣ್ಲಾ. ಬುಕ್ಕಿದ್ರೆ ಅದೂ ನೆಂದೋಗಿರ್ತದೆ. ಅವನು ನಮ್ಮುಡುಗ."

"ಇವ್ರು?" ಅಂತ ಅವನು ನನ್ನ ಕಡೆ ಕೈ ಮಾಡಿದ.

"ಇವ್ರು ಅವನ ಜತೇಲಿ ಬಂದೋರು" ಅಂದರು.

ಅದರಲ್ಲಿ ಸುಳ್ಳೇನಿತ್ತು?

ನೀರಿಳಿದ ವಾರ ನನಗೆ ಜ್ವರ ಹತ್ತಿತು. ನರಸೀಪುರದ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದರು, ಜ್ವರ ಬಿಟ್ಟಿತು. ಮೈಗೆ ಶಕ್ತಿ ಬಂತು. ಆದರೆ ಬೆಳಗ್ಗೆ ಎದ್ದು ಹೊರಡಲು ಆಗಲಿಲ್ಲ. ಮೊಅಲಾ ನನ್ನ ಅಂಗಿಗೂ ಇಸ್ತ್ರಿ ಹಾಕಿ ಮಂಚದ ಮೇಲಿಡುತ್ತಿದ್ದ. ಒಂದು ತೋಳು ಹಾಕಿಕೊಂಡು ಕೂತರೆ ಇನ್ನೊಂದು ತೋಳು ಹಾಕಿಕೊಳ್ಳಲಾಗದು. ಯಾರ ಹೊಸ್ತಿಲು ನೆನೆಸಿಕೊಂಡರೂ ಗೋಡೆ ಕಡೆ ತಿರುಗಿ ಕೂತುಬಿಡುತ್ತಿದ್ದೆ. ಮೊಅಲಾ ಪಕ್ಕದಲ್ಲಿ ಕೂತು ಅವನ ಭಾಷೆಯಲ್ಲಿ ಮೆಲ್ಲಗೆ ಹಾಡುತ್ತಿದ್ದ. ನನ್ನಿಂದಾಗಿ ಅವನೂ ಕೋಣೆಯಲ್ಲೇ ಕೂತಿರಬೇಕು, ಒಬ್ಬನೇ ಹೊರಗೆ ಹೋಗುವಂತಿಲ್ಲ. ಸಮುದ್ರ ದಾಟಿ ಬಂದ ಹುಡುಗ ನನ್ನ ಒಂದು ತೋಳಿನ ಅಂಗಿಯನ್ನು ನೋಡುತ್ತ ದಿನ ಕಳೆದ.

ಕೊನೆಗೆ ಮುಖ್ಯಸ್ಥರು ಫೋನಿನಲ್ಲಿ, "ಮನೆಗೆ ಹೋಗಿ ಸುಧಾರಿಸಿಕೊ. ಇದರಲ್ಲಿ ತಪ್ಪೇನೂ ಇಲ್ಲ" ಅಂದರು. ಬೈದಿದ್ದರೆ ವಾಸಿಯಿತ್ತು. ಎರಡು ವರ್ಷದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಬಾಕಿಯಿತ್ತು.

ಕರೆದುಕೊಂಡು ಹೋಗಲು ಅಪ್ಪ ಬಂದ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಮೆಟ್ಟಿಲ ಹತ್ತಿರ ಮಾದಪ್ಪನವರು ಮಾತಿಗೆ ಎಳೆದಿದ್ದು ಮೇಲಿದ್ದ ನನಗೆ ಕೇಳಿಸಿತು. ಯಾವೂರು, ಏನು ಕೆಲಸ, ಆಮೇಲೆ ಅದೇ ಪ್ರಶ್ನೆ.

"ಎಸ್ಸಿ ಸ್ವಾಮಿ" ಅಂದ ಅಪ್ಪ, ಊರಿನ ಹೆಸರು ಹೇಳಿದಷ್ಟೇ ಸಲೀಸಾಗಿ.

ಮಾದಪ್ಪನವರು ಸ್ವಲ್ಪ ತಡೆದು, "ನಿಮ್ಮ ಮಗ ಹೇಳಲೇ ಇಲ್ಲ" ಅಂದರು.

"ದೊಡ್ಡೋರು ಅಂಥದ್ದನ್ನ ಕೇಳ್ತಾರಾ ಅಂತ ಅವನಿಗೆ ಆಶ್ಚರ್ಯ ಆಗಿರುತ್ತೆ" ಅಂದ ಅಪ್ಪ. ಸಾಯಂಕಾಲ ಮಾದಪ್ಪನವರ ಹೆಂಡತಿ ಮೇಲಕ್ಕೆ ಊಟ ಕಳಿಸಿದರು.

ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದ. ಬಿಲ್ಲೆಯನ್ನು ಕೈಯಲ್ಲಿ ಹಿಡಿದು ತನ್ನ ಹೆಸರನ್ನು ಬೆರಳಿನಿಂದ ಒರೆಸಿ, ಅದನ್ನೂ ಒಳಗಿಟ್ಟ.

ಮರುದಿನ ನನ್ನ ಜಾಗಕ್ಕೆ ಮೈಸೂರಿನಿಂದ ಬೇರೆ ಹುಡುಗ ಬಂದ. ನಾನೂ ಅಪ್ಪನೂ ಮೈಸೂರಿನ ಮೇಲೆ ಊರಿಗೆ ಹೋಗಿಬಿಡಬಹುದಿತ್ತು. ಬುಧವಾರದ ಕ್ಲಾಸಿನವರಿಗೆ ಹೇಳದೆ ಹೋಗಬೇಡ ಅಂತ ಮೊಅಲಾ ಹಠ ಹಿಡಿದ. ಎಲ್ಲರೂ ನರಸೀಪುರಕ್ಕೆ ಬಂದೆವು. ಬಸ್‌ಸ್ಟ್ಯಾಂಡಿನಲ್ಲಿ ಕ್ಲಾಸಿನ ಹುಡುಗರು ಕಾಯುತ್ತಿದ್ದರು. ಸಿದ್ದರಾಜು ತಾಯಿಯನ್ನೂ ಕರೆತಂದಿದ್ದ. ಅವರ ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು.

ಒಬ್ಬ ಹುಡುಗ ಕೇಳಿಯೇಬಿಟ್ಟ. "ಸಾ, ಎರಡು ವರ್ಸ ಅಂದಿದ್ರಲ್ಲ. ಆಗ್ಲೇ ಮುಗೀತಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಉತ್ತರ ಹುಡುಕಿ ಕೊಡುವವನಂತೆ ಮೊಅಲಾ ನನ್ನ ಬೆನ್ನ ಮೇಲೆ ಕೈಯಿಟ್ಟ.

ಅಪ್ಪ ಕೆಮ್ಮಿದ. ಎದೆ ಹಿಡಿದುಕೊಂಡು ಮತ್ತೊಂದು ಸಲ ಕೆಮ್ಮಿ, ಕಲ್ಲುಬೆಂಚಿನ ಮೇಲೆ ಕೂತ. "ನನಗೆ ಮೈ ಸರಿಯಿಲ್ಲಪ್ಪ" ಅಂದ. "ಇವನು ಬರಲ್ಲ ಅಂದ. ಮುಗಿಸೇ ಬರ್ತೀನಿ ಅಂದ. ನಾನೇ ಬಲವಂತ ಮಾಡಿ ಕರ್ಕೊಂಡು ಹೋಗ್ತಾ ಇದೀನಿ. ನೋಡ್ಕೊಳ್ಳೋಕೆ ಇನ್ಯಾರಿದಾರೆ?"

ಅಪ್ಪನಿಗೆ ಆಯುಷ್ಯದಲ್ಲಿ ಒಂದು ನೆಗಡಿ ಬಂದದ್ದೂ ನನಗೆ ನೆನಪಿರಲಿಲ್ಲ. ಟ್ಯಾಂಕಿನ ಮೆಟ್ಟಿಲನ್ನು ದಿನಾ ಹತ್ತಿ ಇಳಿಯುವ ಆಳು. ಹುಡುಗರೆಲ್ಲ ಅವನನ್ನು ಸುತ್ತಿಕೊಂಡರು. ಯಾರೋ ನೀರು ತಂದರು. ಮಹದೇವಮ್ಮ ಅವನ ಪಕ್ಕದಲ್ಲಿ ಕೂತು, "ಯಾವ ಡಾಕ್ಟ್ರಿಗೆ ತೋರಿಸ್ದೆ ಅಣ್ಣ? ಸಸಾರ ಮಾಡ್ಬ್ಯಾಡ. ನಮ್ಮನೆಯವ್ರೂ ಇಂಗೇ ಕೆಮ್ಮು ಕೆಮ್ಮು ಅಂತಿದ್ದು ಓಗ್ಬುಟ್ರು" ಅಂದರು. ಅವರ ಕಣ್ಣು ತುಂಬಿತ್ತು. ಅಪ್ಪ ಅವರ ಮುಖ ನೋಡಲಾರದೆ ತಲೆ ತಗ್ಗಿಸಿದ. ಬೇರೆಯವರ ಮುಂದೆ ಅವನು ತಲೆ ತಗ್ಗಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಬೆಂಗಳೂರಿನ ಬಸ್ಸು ಬಂತು. ಮೊಅಲಾ ನನ್ನನ್ನು ನೆಲದಿಂದ ಎತ್ತಿ ಅಪ್ಪಿಕೊಂಡು ಇಳಿಸಿದ. ಮಹದೇವಮ್ಮ ಬಾಳೆಹಣ್ಣನ್ನು ಅಪ್ಪನ ಮಡಿಲಿಗೆ ಹಾಕಿ, ನನಗೆ "ನೋಡ್ಕಳಿ ಅವ್ರನ್ನ" ಅಂದರು.

ಅವರ ಊರಿನ ಇಬ್ಬರು ಅದೇ ಬಸ್ಸು ಹತ್ತಿದ್ದರು. ಬಸ್ಸು ತುಂಬಿತ್ತು. ಅವರಲ್ಲೊಬ್ಬ ಎದ್ದು ನಿಂತು, "ಬನ್ನಿ ಯಜಮಾನ್ರೆ, ಗಾಳಿ ಬತ್ತದೆ, ಇಲ್ಲಿ ಕುಂತ್ಕಳಿ" ಅಂತ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟ. ಅಪ್ಪ ಟವೆಲ್ಲನ್ನು ಕತ್ತಿಗೆ ಸುತ್ತಿಕೊಂಡು ಮುದುಡಿ ಕೂತ. ನಾನು ಅವನ ಪಕ್ಕದಲ್ಲಿ ಮೇಲಿನ ಕಂಬಿ ಹಿಡಿದು ನಿಂತೆ. ಸೇತುವೆ ದಾಟಿತು, ಗದ್ದೆ ಬಯಲು ಬಂತು, ಮತ್ತೆ ಸಣ್ಣಗೆ ಮಳೆ ಹಿಡಿಯಿತು. ಆ ಇಬ್ಬರು ಮಳವಳ್ಳಿಯಲ್ಲಿ ಇಳಿದು ಹೋಗುವವರೆಗೂ ಅಪ್ಪ ಕೆಮ್ಮುತ್ತಲೇ ಇದ್ದ.